ಉಣಕಲ್ ಕೆರೆಯ ನಾಲ್ಕು ಕೆಂಪು: ನಾನು ಏರೋಪ್ಲೇನ್ ಚಿಟ್ಟೆ ಗುರುತಿಸುವ ಬಗೆ

ಮಳೆ ನಿಂತು ಬಿಸಿಲು ಬಿದ್ದ ದಿನ ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ಸುಮ್ನೆ ನಿಂತರೂ ಸಾಕು, ಕೆಂಪು ಏರೋಪ್ಲೇನ್ ಚಿಟ್ಟೆ (ಡ್ರಾಗನ್‌ಫ್ಲೈ) ಕಾಣುತ್ತದೆ. ಪಕ್ಕದ ಜೊಂಡಿನ ಮೇಲೆ ಇನ್ನೊಂದು ಕೆಂಪು. ಕಾಲ ಬುಡದಲ್ಲಿ, ಕೊಳಚೆ ಬಂದು ಸೇರುವ ಕಡೆ, ಕಿತ್ತಳೆ ಕೆಂಪಿನವು ಹತ್ತಾರು. ಎಲ್ಲಾ ಒಂದೇ ಅನ್ನಿಸುತ್ತದೆ, ಅಲ್ವಾ? ಆದರೆ ನಮ್ಮ ಅವಳಿ ನಗರದ ಕೆರೆಗಳ ಸುತ್ತ ಕೆಂಪು ಬಣ್ಣದ್ದೇ ನಾಲ್ಕೈದು ಜಾತಿಗಳಿವೆ. ಬಣ್ಣ ಹಿಡಿದುಕೊಂಡು ಹೊರಟವರಿಗೆ ಇವು ಸಿಗುವುದೇ ಇಲ್ಲ. ನಾನು ಬಣ್ಣವನ್ನು ಕೊನೆಗೆ ನೋಡುತ್ತೇನೆ.

ಮೊದಲು ನೋಡುವುದು ಕೂತ ಜಾಗ. ನೆಲದ ಮೇಲಿದೆಯಾ, ಗೋಡೆಗೆ ಅಂಟಿದೆಯಾ, ಕಡ್ಡಿಯ ತುದಿ ಹಿಡಿದಿದೆಯಾ, ಕೊಂಬೆಯಿಂದ ಜೋತುಬಿದ್ದಿದೆಯಾ, ಅಥವಾ ಕೂರುವ ಮಾತೇ ಇಲ್ಲದೆ ಹಾರುತ್ತಲೇ ಇದೆಯಾ? ಇಷ್ಟರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಆಮೇಲೆ ಕಣ್ಣು: ಎರಡೂ ಕಣ್ಣು ತಲೆಯ ಮೇಲೆ ಕೂಡಿಕೊಂಡಿವೆಯೋ, ನಡುವೆ ಸಂದು ಇದೆಯೋ. ಆಮೇಲೆ ರೆಕ್ಕೆಯ ಬುಡದ ಕಲೆ, ಎದೆಯ ಪಕ್ಕದ ಪಟ್ಟೆ, ಕಾಲಿನ ಬಣ್ಣ. ನಾವು ಬಾಲ ಅನ್ನುವುದು ನಿಜಕ್ಕೂ ಅದರ ಹೊಟ್ಟೆ. ಅದರಲ್ಲಿ 10 ಗೆಣ್ಣುಗಳಿರುತ್ತವೆ, ಯಾವ ಗೆಣ್ಣಿನ ಮೇಲೆ ಕಲೆ ಇದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಈಗ ಆ ಕೆಂಪುಗಳನ್ನೇ ತೆಗೆದುಕೊಳ್ಳಿ. ಇವಕ್ಕೆ ಜನರ ಬಾಯಲ್ಲಿ ಬೇರೆ ಬೇರೆ ಹೆಸರಿಲ್ಲ, ಹಾಗಾಗಿ ನಾನು ಇಂಗ್ಲಿಷ್ ಹೆಸರನ್ನೇ ಬಳಸುತ್ತೇನೆ.

ಕೊಳಚೆ ನೀರಿನ ಅಂಚಿಗೆ, ತೀರಾ ಕೆಳಗೆ, ಅಂತರಗಂಗೆ ಎಲೆ ಮೇಲೋ ಹುಲ್ಲಿನ ಮೇಲೋ ಗುಂಪಾಗಿ ಕೂರುವುದು ಡಿಚ್ ಜುವೆಲ್. ಗಂಡಿನ ರೆಕ್ಕೆಯಲ್ಲಿ ಬುಡದಿಂದ ಶುರುವಾಗಿ ಮುಕ್ಕಾಲು ಭಾಗದವರೆಗೆ ಕಿತ್ತಳೆ ಬಣ್ಣ ಹಚ್ಚಿದಂತಿರುತ್ತದೆ. ಹೊಲಸು ನೀರು ಇದಕ್ಕೆ ಅಡ್ಡಿಯೇ ಅಲ್ಲ. ಒಂದು ಕೆರೆಯಲ್ಲಿ ಬರೀ ಇದೇ ತುಂಬಿಕೊಂಡು ಬೇರೆ ಜಾತಿ ಕಾಣದಿದ್ದರೆ ಆ ನೀರಿನ ಕಥೆ ಕೇಳುವುದೇ ಬೇಡ.

ಜೊಂಡಿನ ಮೇಲೆ ಕೂತು, ಇಡೀ ಮೈ ರಕ್ತಗೆಂಪಾಗಿದ್ದು, ಮುಖವೂ ಕೆಂಪಾಗಿದ್ದರೆ ಅದು ಸ್ಕಾರ್ಲೆಟ್ ಸ್ಕಿಮ್ಮರ್. ಮೇಲಿನಿಂದ ನೋಡಿ: ಬಾಲದ ನಟ್ಟನಡುವೆ ಉದ್ದಕ್ಕೆ ಸಣ್ಣ ಕಪ್ಪು ಗೆರೆ ಎಳೆದಿರುತ್ತದೆ. ರೆಕ್ಕೆ ಪಾರದರ್ಶಕ, ಹಿಂದಿನ ರೆಕ್ಕೆಯ ಬುಡದಲ್ಲಿ ಮಾತ್ರ ಜೇನಿನ ಬಣ್ಣ.

ಕೆಂಪಿಗೆ ಸ್ವಲ್ಪ ನೇರಳೆ, ಗುಲಾಬಿ ಬೆರೆತಂತಿದ್ದು, ರೆಕ್ಕೆಯ ನರಗಳೂ ಕೆಂಪಾಗಿದ್ದು, ಕಾಲು ಮಾತ್ರ ಕಪ್ಪಾಗಿದ್ದರೆ ಕ್ರಿಮ್ಸನ್ ಮಾರ್ಷ್ ಗ್ಲೈಡರ್. ನನಗೆ ಎಲ್ಲಕ್ಕಿಂತ ಚಂದ ಕಾಣುವುದು ಇದೇ. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ಆ ಕೆಂಪು ನರಗಳನ್ನು ಬರಿಗಣ್ಣಲ್ಲೇ ಒಂದೊಂದಾಗಿ ಎಣಿಸಬಹುದು ಅನ್ನಿಸುತ್ತದೆ. ಸ್ಕಾರ್ಲೆಟ್ ಜೊತೆ ಇದನ್ನು ಬೇರೆ ಮಾಡಬೇಕಾದರೆ ನಾನು ನೇರ ಕಾಲು ಮತ್ತು ನರ ನೋಡುತ್ತೇನೆ, ಮೈಬಣ್ಣದ ಗೊಡವೆಗೇ ಹೋಗುವುದಿಲ್ಲ.

ನಾಲ್ಕನೆಯದು ದೊಡ್ಡದು. ಬಾಲ ಕೆಂಪು-ಗುಲಾಬಿ, ಎದೆ ಮಾತ್ರ ಬೂದಿ ಬಳಿದ ನೀಲಿ. ಇದು ಕ್ರಿಮ್ಸನ್-ಟೇಲ್ಡ್ ಮಾರ್ಷ್ ಹಾಕ್. ಎರಡು ಬಣ್ಣದ ಮೈ ಆದ್ದರಿಂದ ದೂರದಿಂದಲೇ ಗೊತ್ತಾಗಿಬಿಡುತ್ತದೆ.

ಇಷ್ಟು ಹೇಳಿದ್ದೆಲ್ಲ ಗಂಡುಗಳದ್ದು. ಹೆಣ್ಣುಗಳದ್ದು ದೊಡ್ಡ ತಲೆನೋವು. ಸ್ಕಾರ್ಲೆಟ್ ಹೆಣ್ಣೂ ಹಳದಿ, ಡಿಚ್ ಜುವೆಲ್ ಹೆಣ್ಣೂ ಹಳದಿ-ಕಂದು. ಆಗ ತಾನೇ ಪೊರೆ ಬಿಟ್ಟು ಬಂದ ಗಂಡು ಕೂಡ ಮೊದಲು ಹಳದಿಯಾಗಿಯೇ ಇದ್ದು, ಬಲಿತ ಮೇಲೆ ಕೆಂಪಾಗುತ್ತದೆ. ಮಾರ್ಷ್ ಹಾಕ್ ಥರದವುಗಳ ಮೈಮೇಲಿನ ನೀಲಿ ಬೂದಿಯೂ ವಯಸ್ಸಾದಂತೆ ಬರುವುದೇ. ಬಣ್ಣವನ್ನು ಕೊನೆಗೆ ಇಡಿ ಅನ್ನುವುದು ಇದಕ್ಕೇ. ಗಂಡೋ ಹೆಣ್ಣೋ ಅಂತ ನೋಡಲು ಪಕ್ಕದಿಂದ ಒಂದು ಫೋಟೋ ಬೇಕು. ಗಂಡಿಗೆ ಬಾಲ ಶುರುವಾಗುವ ಕಡೆ, ಎರಡನೇ ಗೆಣ್ಣಿನ ಕೆಳಗೆ, ಸಣ್ಣ ಉಬ್ಬು ಇರುತ್ತದೆ. ಹೆಣ್ಣಿಗೆ ಇರುವುದಿಲ್ಲ. ಹೆಣ್ಣಿನ ಜಾತಿ ತಿಳಿಯಲು ಸುಲಭದ ದಾರಿ ಅಂದರೆ ಜೋಡಿಗಾಗಿ ಕಾಯುವುದು. ಗಂಡು ತನ್ನ ಬಾಲದ ತುದಿಯಿಂದ ಹೆಣ್ಣಿನ ತಲೆಯ ಹಿಂಭಾಗವನ್ನು ಹಿಡಿದುಕೊಂಡು, ಎರಡೂ ಸೇರಿ ಉಂಗುರದಂತೆ ಕೂರುತ್ತವೆ. ಗಂಡು ಯಾವುದೆಂದು ಗೊತ್ತಿದ್ದರೆ ಹೆಣ್ಣೂ ಗೊತ್ತಾದಂತೆಯೇ. ಸ್ಕಾರ್ಲೆಟ್ ಹೆಣ್ಣು ನನಗೆ ಪಕ್ಕಾ ಆದದ್ದು ಹೀಗೆ.

ಕೆರೆಗೇ ಹೋಗಬೇಕು ಅಂತೇನಿಲ್ಲ. ನಮ್ಮ ಓಣಿಯಲ್ಲಿ, ಸಿಮೆಂಟ್ ನೀರಿನ ತೊಟ್ಟಿಯ ಪಕ್ಕದ ಗೋಡೆಗೆ ಗ್ರಾನೈಟ್ ಘೋಸ್ಟ್ ಬರುತ್ತದೆ. ಬೂದು ಮೈ, ಕಪ್ಪು-ಬಿಳಿ ಚುಕ್ಕೆ, ರೆಕ್ಕೆಯನ್ನು ಗೋಡೆಗೆ ಒತ್ತಿಟ್ಟು ಕೂರುತ್ತದೆ. ಹಾರುವವರೆಗೂ ಅಲ್ಲೊಂದು ಹುಳ ಇದೆ ಅಂತಲೇ ತಿಳಿಯುವುದಿಲ್ಲ. ತೊಟ್ಟಿ, ಟ್ಯಾಂಕಿಯ ನೀರಲ್ಲೇ ಮೊಟ್ಟೆ ಇಡುತ್ತದೆ, ಮರಿಗಳು ಅಲ್ಲಿನ ಸೊಳ್ಳೆ ಮರಿ ತಿಂದು ಬೆಳೆಯುತ್ತವೆ. ಮೈದಾನದ ಒಣ ನೆಲದಲ್ಲಿ, ನೀರಿನಿಂದ ದೂರ, ಕಾಲು ಇಟ್ಟಲ್ಲೆಲ್ಲ ಎದ್ದು ಎರಡು ಮಾರು ಹಾರಿ ಮತ್ತೆ ನೆಲಕ್ಕೇ ಕೂರುವ ಸಣ್ಣದು ಗ್ರೌಂಡ್ ಸ್ಕಿಮ್ಮರ್. ಬಲಿತ ಗಂಡು ನೀಲಿ, ಹೆಣ್ಣು ಹಸಿರು-ಹಳದಿಗೆ ಕಪ್ಪು ಗುರುತು. ಕಲಿಯಲು ಹೊರಟವರು ಈ ಎರಡರಿಂದ ಶುರು ಮಾಡಿದರೆ ಒಳ್ಳೆಯದು. ಕೂತ ಜಾಗವೇ ಹೆಸರು ಹೇಳಿಬಿಡುತ್ತದೆ.

ಸಾಮಾನು ಜಾಸ್ತಿ ಬೇಡ. ನನ್ನ ಹತ್ತಿರ ಇರುವುದು ಹಳೆಯ ಬೈನಾಕ್ಯುಲರ್, ಮೊಬೈಲ್, ಒಂದು ಪಾಕೆಟ್ ಡೈರಿ. ಬೆಳಿಗ್ಗೆ 9ರಿಂದ 11 ಒಳ್ಳೆಯ ಹೊತ್ತು. ಮೋಡ ಕವಿದರೆ ಎಲ್ಲವೂ ಹುಲ್ಲಿನೊಳಗೆ ಸೇರಿಕೊಳ್ಳುತ್ತವೆ, ಆಗ ಚಹಾ ಕುಡಿಯಲು ಹೋಗುವುದೇ ಸೈ. ಕಡ್ಡಿ ತುದಿಯಿಂದ ಹಾರಿಹೋದದ್ದರ ಹಿಂದೆ ಓಡಬೇಡಿ. ಅಲ್ಲೇ ಕುಕ್ಕರಗಾಲಲ್ಲಿ ಕೂರಿ. ಬಹಳಷ್ಟು ಜಾತಿಗಳು ಒಂದು ಸುತ್ತು ಹೊಡೆದು ಅದೇ ಕಡ್ಡಿಗೆ ವಾಪಸ್ ಬರುತ್ತವೆ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು, ಅಷ್ಟೇ. ಮಧ್ಯಾಹ್ನದ ಬಿಸಿಲಿನಲ್ಲಿ ಬಾಲವನ್ನು ನೆಟ್ಟಗೆ ಸೂರ್ಯನ ಕಡೆ ಎತ್ತಿ ನಿಂತದ್ದು ಕಂಡರೆ ಗಾಬರಿ ಬೇಡ, ಮೈಗೆ ಬೀಳುವ ಬಿಸಿಲು ಕಡಿಮೆ ಮಾಡಿಕೊಳ್ಳುವ ಉಪಾಯ ಅದು. ಫೋಟೋ ತೆಗೆಯುವಾಗ ಮೇಲಿನಿಂದ ಒಂದು, ಪಕ್ಕದಿಂದ ಒಂದು. ಮೇಲಿನದೊಂದೇ ಇದ್ದರೆ ಎದೆಯ ಪಟ್ಟೆ ಕಾಣುವುದಿಲ್ಲ.

ಹೀಗೆ ಕುಕ್ಕರಗಾಲಲ್ಲಿ ಕೂತವರನ್ನು ಜನ ಸುಮ್ಮನೆ ಬಿಡುವುದಿಲ್ಲ. "ಏನ್ ಕಳಕೊಂಡೀರಿ ಸರ?" ಅಂತ ಕೇಳುತ್ತಾರೆ. ಹುಳ ನೋಡುತ್ತಿದ್ದೇನೆ ಅಂದರೆ ನಂಬುವುದಿಲ್ಲ.

ಧಾರವಾಡದ ಕೆಲಗೇರಿ ಕೆರೆಯಲ್ಲಿ ತಂತಿ ಬೇಲಿ ಮೇಲೆ ಕೂತ ಗ್ರೀನ್ ಮಾರ್ಷ್ ಹಾಕ್ ಒಂದನ್ನು ಕೈಯಳತೆಯಲ್ಲಿ ನೋಡಿದ್ದೇನೆ. ಹಸಿರು-ಹಳದಿ ಎದೆಗೆ ಕಪ್ಪು ಗೆರೆ, ಬಾಲದ ಬುಡ ಉಬ್ಬಿ ಮುಂದೆ ಕಡ್ಡಿಯಷ್ಟು ಸಣ್ಣ. ಕಾಲುಗಳ ನಡುವೆ ಡಿಚ್ ಜುವೆಲ್ ಒಂದನ್ನು ಅವಚಿಕೊಂಡಿತ್ತು. ತಲೆ ಆಗಲೇ ಹೋಗಿತ್ತು. ದವಡೆ ಎಡಕ್ಕೆ ಬಲಕ್ಕೆ ಆಡುತ್ತಿತ್ತು, ಹತ್ತಿರ ಕಿವಿಗೊಟ್ಟರೆ ಕರಕರ ಸದ್ದು. ಕಿತ್ತಳೆ ರೆಕ್ಕೆ ಒಂದೊಂದೇ ಕಳಚಿ ಬೇಲಿ ಬುಡಕ್ಕೆ ಬಿದ್ದವು. ನಾನು ಇಷ್ಟು ಹತ್ತಿರ ಇದ್ದರೂ ಅದು ಊಟ ಬಿಟ್ಟು ಏಳಲಿಲ್ಲ. ಬೇರೆ ಏರೋಪ್ಲೇನ್ ಚಿಟ್ಟೆಗಳನ್ನೇ ಹಿಡಿದು ತಿನ್ನುವುದರಲ್ಲಿ ಈ ಜಾತಿ ಎತ್ತಿದ ಕೈ. ಗಂಡು ಹೆಣ್ಣು ಎರಡಕ್ಕೂ ಒಂದೇ ಬಣ್ಣ, ಆದ್ದರಿಂದ ಗುರುತಿಸಲು ಕಷ್ಟವಿಲ್ಲ.

ಕೂರದೇ ಹಾರುವವರ ಪೈಕಿ ನಮ್ಮಲ್ಲಿ ಎಲ್ಲರೂ ನೋಡಿರುವುದು ವಾಂಡರಿಂಗ್ ಗ್ಲೈಡರ್. ಮುಂಗಾರಿನ ಜೊತೆ ಬರುತ್ತದೆ. ಮಳೆ ಬಿಟ್ಟ ಸಂಜೆ ಮೈದಾನಗಳ ಮೇಲೆ, ಎರೆಹೊಲಗಳ ಮೇಲೆ ಆಳೆತ್ತರದಲ್ಲಿ ಗುಂಪು ಗುಂಪಾಗಿ ಸುತ್ತುತ್ತಿರುತ್ತವಲ್ಲ, ಅವೇ. ಬಂಗಾರದ ಹಳದಿ ಮೈ, ಬುಡದಲ್ಲಿ ತುಂಬಾ ಅಗಲವಾದ ಹಿಂದಿನ ರೆಕ್ಕೆ. ಆ ಅಗಲದಿಂದಾಗಿ ರೆಕ್ಕೆ ಬಡಿಯದೇ ಗಾಳಿಯಲ್ಲಿ ತೇಲುತ್ತದೆ. ಕೂತರೆ ಕೊಂಬೆಯಿಂದ ನೇರ ಕೆಳಗೆ ಜೋತುಬೀಳುತ್ತದೆ. ಮಳೆ ನೀರು ನಿಂತ ಗುಂಡಿಯಲ್ಲೂ ಮೊಟ್ಟೆ ಇಟ್ಟು, ಆ ನೀರು ಬತ್ತುವ ಮೊದಲೇ ಮರಿ ಬೆಳೆದು ಹಾರಿಹೋಗುತ್ತದೆ. ನಿಲ್ಲಿಸಿದ ಕಾರಿನ ಬಾನೆಟ್‌ಗೆ ಬಾಲ ತಾಗಿಸುತ್ತಾ ಮೊಟ್ಟೆ ಇಡುವುದನ್ನೂ ನೀವು ನೋಡಿರಬಹುದು. ಹೊಳೆಯುವ ಬಣ್ಣದ ಮೇಲಿಂದ ಚಿಮ್ಮುವ ಬೆಳಕು ಅದರ ಕಣ್ಣಿಗೆ ನೀರಿನಂತೆಯೇ ಕಾಣುತ್ತದೆ. ಮಾಲ್ಡೀವ್ಸ್‌ನಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದ ಪ್ರಕಾರ, ಮಳೆಗಾಲ ಮುಗಿದ ಮೇಲೆ ಇವು ಈಶಾನ್ಯದ ಗಾಳಿ ಹಿಡಿದು ಭಾರತದಿಂದ ಮಾಲ್ಡೀವ್ಸ್ ಮೇಲೆ ಹಾದು ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ. ಹೋಗಿ ಬರುವ ಪೂರ್ತಿ ಪಯಣ ಒಂದೇ ಹುಳದ್ದಲ್ಲ, ಕೆಲವು ತಲೆಮಾರುಗಳದ್ದು. ಚಿಕ್ಕವರಿದ್ದಾಗ ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದುದು ಇಂಥ ಸಮುದ್ರ ದಾಟುವವನನ್ನು!

ಕಲಘಟಗಿ ಕಡೆಯ ಭತ್ತದ ಗದ್ದೆಗಳಿಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗಬೇಕು. ಅಲ್ಲಿ ಪೈಡ್ ಪ್ಯಾಡಿ ಸ್ಕಿಮ್ಮರ್ ಸಿಗುತ್ತದೆ. ಗಂಡಿನ ರೆಕ್ಕೆಯಲ್ಲಿ ಬುಡಕ್ಕೆ ಕಪ್ಪು, ನಡುವೆ ಹಾಲುಬಿಳಿ, ತುದಿ ಪಾರದರ್ಶಕ. ಹೆಣ್ಣಿನ ರೆಕ್ಕೆಗೆ ಹಳದಿ ಛಾಯೆ, ತುದಿಗೆ ಕಪ್ಪು. ಒಂದೇ ಜಾತಿ ಅಂದರೆ ನಂಬುವುದು ಕಷ್ಟ. ಹಳದಿ-ಕಪ್ಪು ರೆಕ್ಕೆಯ ಕಾಮನ್ ಪಿಕ್ಚರ್ ವಿಂಗ್ ಹಾರಾಟವಂತೂ ಪಕ್ಕಾ ಪಾತರಗಿತ್ತಿಯದ್ದು. ಅದು ಕೂತು ರೆಕ್ಕೆ ಹರಡಿ, ದೊಡ್ಡ ಕಣ್ಣು ಕಂಡ ಮೇಲೇ ತೀರ್ಮಾನ. ಗದಗ ಕಡೆ ಮಾಗಡಿ ಕೆರೆಗೆ ಜನ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ನೋಡಲು ಹೋಗುತ್ತಾರೆ. ಎಲ್ಲರ ಕಣ್ಣು ನೀರಿನ ನಡುವೆ. ನಾನು ದಂಡೆಯ ಹುಲ್ಲು ನೋಡುತ್ತಾ ನಡೆಯುತ್ತೇನೆ.

ಸಣ್ಣ ಮೈಯ, ಕೂತಾಗ ರೆಕ್ಕೆ ಮಡಚುವ ಕಡ್ಡಿಯಂಥವು ಡ್ಯಾಮ್‌ಸೆಲ್‌ಫ್ಲೈಗಳು. ಕಣ್ಣುಗಳ ನಡುವೆ ಚೆನ್ನಾಗಿ ಅಂತರ ಇರುತ್ತದೆ. ಅವುಗಳ ಬಗ್ಗೆ ಬರೆದರೆ ಇಷ್ಟೇ ಉದ್ದ ಇನ್ನೊಂದು ಆಗುತ್ತದೆ. ಕೆರೆ ಹುಲ್ಲಿನಲ್ಲಿ ಬಾಲವೆಲ್ಲ ಅಚ್ಚ ಹಳದಿಯಾದದ್ದು ಕಂಡರೆ ಕೋರಮಂಡಲ್ ಮಾರ್ಷ್ ಡಾರ್ಟ್ ಅಂತ ಬರೆದುಕೊಳ್ಳಿ. ಉಳಿದವನ್ನು ಫೋಟೋ ತೆಗೆದು, ಜೀವಿಗಳನ್ನು ಗುರುತಿಸಲು ನೆರವಾಗುವ ಐನ್ಯಾಚುರಲಿಸ್ಟ್ ಆಪ್‌ಗೆ ಹಾಕಿ, ಬಲ್ಲವರು ಹೇಳುತ್ತಾರೆ. ಆಪ್ ತಾನಾಗಿ ಸೂಚಿಸುವ ಹೆಸರನ್ನು ಮಾತ್ರ ಕಣ್ಣು ಮುಚ್ಚಿ ಒಪ್ಪಬೇಡಿ, ಕೆಂಪುಗಳ ವಿಷಯದಲ್ಲಂತೂ ಕಾಲಿನ ಬಣ್ಣ ನೋಡಿಯೇ ಒಪ್ಪಿ.

ಸದ್ಯ ನಾನು ಹುಡುಕುತ್ತಿರುವುದು ಕಾಮನ್ ಕ್ಲಬ್‌ಟೇಲ್‌ನ ಒಳ್ಳೆಯ ಫೋಟೋಗಾಗಿ. ಕಪ್ಪು-ಹಳದಿ ಪಟ್ಟೆಯ ದೊಡ್ಡ ಹುಳ, ಕಣ್ಣುಗಳ ನಡುವೆ ಸಂದು, ಬಾಲದ ತುದಿಯ ಹತ್ತಿರ ಎರಡೂ ಪಕ್ಕ ಎಲೆಯಂಥ ಚಾಚು. ನೀರಿನ ಅಂಚಿನ ಬೋಳು ಕಡ್ಡಿಯ ತುದಿ ಬಿಟ್ಟು ಬೇರೆಡೆ ಕೂರುವುದು ಕಡಿಮೆ. ಹಾವೇರಿಯ ವರದಾ ದಡದಲ್ಲೋ ಹೆಗ್ಗೇರಿ ಕೆರೆಯಲ್ಲೋ ಅಂಥ ಕಡ್ಡಿ ಕಂಡವರಿದ್ದರೆ ಜಾಗ ತಿಳಿಸಿ, ಮುಂದಿನ ಭಾನುವಾರವೇ ಬರುತ್ತೇನೆ.