ಹೀಟಿಂಗ್ ಇಲ್ಲದ ಗ್ಯಾರೇಜಿನಲ್ಲಿ ಜೂಕ್‌ಬಾಕ್ಸ್‌ಗಳ ಚಳಿಗಾಲ: ನನ್ನ ಅನುಭವ

ಮಿಷಿಗನ್‌ನ ಗ್ರ್ಯಾಂಡ್ ರ್ಯಾಪಿಡ್ಸ್ ಬಳಿ ಇರುವ ನಮ್ಮ ಗ್ಯಾರೇಜಿಗೆ ಹೀಟಿಂಗ್ ಇಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ನನ್ನ ಮೂರು ಜೂಕ್‌ಬಾಕ್ಸ್‌ಗಳು (ನಾಣ್ಯ ಹಾಕಿದರೆ ಬೇಕಾದ ಹಾಡಿನ ತಟ್ಟೆ ನುಡಿಸುವ ಹಳೆಯ ಯಂತ್ರಗಳು) ಅಲ್ಲಿಯೇ ಇರುತ್ತವೆ: 1946ರ ವುರ್ಲಿಟ್ಸರ್ 1015, 1952ರ ಸೀಬರ್ಗ್ ಎಂ100ಸಿ ಮತ್ತು ಇದೇ ಊರಿನ ಕಂಪನಿಯಾದ ಎಎಂಐಯ 1958ರ ಐ-200. ಕಳೆದ ನಾಲ್ಕೈದು ಚಳಿಗಾಲಗಳಲ್ಲಿ ಇವುಗಳಿಗೆ ಹೊಸದಾಗಿ ತುಕ್ಕಿನ ಒಂದು ಚುಕ್ಕೆಯೂ ಹತ್ತಿಲ್ಲ, ವೆನೀರ್ (ಮೇಲೆ ಅಂಟಿಸಿದ ತೆಳು ಮರದ ಪದರ) ಎಲ್ಲಿಯೂ ಎದ್ದಿಲ್ಲ. ಒಂದೋ ಬೆಚ್ಚಗಿನ ಗೋದಾಮು ಬಾಡಿಗೆಗೆ ಹಿಡಿ, ಇಲ್ಲವೇ ಮಾರಿಬಿಡು ಎಂದು ಇಲ್ಲಿನ ಹಿರಿಯ ಸಂಗ್ರಾಹಕರು ಹೇಳಿದ್ದರು. ಗೋದಾಮಿಗೆ ತಿಂಗಳಿಗೆ ಸುಮಾರು 120 ಡಾಲರ್ ಕೇಳುತ್ತಿದ್ದರು, ಅಂದರೆ ಒಂದು ಚಳಿಗಾಲಕ್ಕೆ ಏಳುನೂರು ಡಾಲರ್‌ಗಳಷ್ಟು.

ಆ ಹಣವನ್ನು ಉಳಿಸಹೊರಟು ಮೊದಮೊದಲು ಕಳೆದುಕೊಂಡದ್ದೂ ಕಡಿಮೆಯಲ್ಲ. ಎಲ್ಲರೂ ಮಾಡುವಂತೆ ಪಾಲಿಥೀನ್ ಹಾಳೆಯಿಂದ ಬಿಗಿಯಾಗಿ ಸುತ್ತಿಟ್ಟಾಗ ಮರದೊಳಗಿನ ತೇವವೇ ಹೊರಗೆ ಹೋಗಲಾರದೆ ಉಳಿದು, ಫೆಬ್ರವರಿಯಲ್ಲಿ ಹಿಮ ಕರಗಿದ ವಾರದಲ್ಲಿ ಹಾಳೆಯ ಒಳಮೈಯಲ್ಲಿ ಹನಿಗಟ್ಟಿತ್ತು. ಸೀಬರ್ಗ್‌ನ ಕ್ರೋಮ್ ಪಟ್ಟಿಗಳ ಮೇಲೆ ಎದ್ದ ಗುಳಿಗಳನ್ನು ಸರಿಪಡಿಸಲು ಮತ್ತೆ ಪ್ಲೇಟಿಂಗ್ ಮಾಡಿಸಬೇಕಾಯಿತು, ಅದಕ್ಕೇ ನಾನೂರು ಡಾಲರ್ ದಾಟಿತು. ಮರುವರ್ಷ ಪ್ರೊಪೇನ್ ಹೀಟರ್ ತಂದೆ. ಚಿಮಣಿ ಇಲ್ಲದ ಹೀಟರಿನಲ್ಲಿ ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರು ಆವಿಯಾಗಿ ಕೋಣೆಯೊಳಕ್ಕೇ ಸೇರುತ್ತದೆ. ಕಿಟಕಿಯ ಗಾಜಿನ ಮೇಲೆ ಇಳಿಯುತ್ತಿದ್ದ ನೀರೇ ಅದಕ್ಕೆ ಸಾಕ್ಷಿಯಾಗಿತ್ತು. ಆಮೇಲೆ ಇನ್ನೂರು ಚಿಲ್ಲರೆ ಡಾಲರ್ ಕೊಟ್ಟು ಗಾಳಿಯ ತೇವ ತೆಗೆಯುವ, ಕಂಪ್ರೆಸರ್ ಇರುವ ಡಿಹ್ಯುಮಿಡಿಫೈಯರ್ ತಂದರೆ, ಚಳಿ ಬಲಿತ ಕೂಡಲೇ ಅದರ ಕಾಯಿಲ್ ಮೇಲೆ ಮಂಜುಗಟ್ಟಿ ಯಂತ್ರವೇ ಸುಮ್ಮನಾಯಿತು. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳನ್ನಂತೂ ಯಾರೂ ಜೂಕ್‌ಬಾಕ್ಸ್‌ನೊಳಗೆ ಇಡಲೇಬಾರದು. ಡಬ್ಬಿಯಲ್ಲಿ ಶೇಖರವಾದ ಉಪ್ಪುನೀರು ಚೆಲ್ಲಿದರೆ ತಂತಿ, ಉಕ್ಕು ಎರಡನ್ನೂ ತಿಂದುಹಾಕುತ್ತದೆ.

ನಿಜವಾದ ಶತ್ರು ಚಳಿಯಲ್ಲ. ಮಾರ್ಚ್‌ನಲ್ಲಿ ಒಂದು ದಿನ ದಿಢೀರನೆ ಹದಿನೈದು ಡಿಗ್ರಿಯ ತೇವದ ಗಾಳಿ ಒಳಗೆ ನುಗ್ಗಿದಾಗ, ಸೀಬರ್ಗ್‌ನ ಭಾರವಾದ ಮೆಕ್ಯಾನಿಸಂ ಇನ್ನೂ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಆಗ ಲೋಹದ ಮೇಲೆ ನೀರು ಕೂರುವುದನ್ನು ಯಾವ ಹೊದಿಕೆಯೂ ತಡೆಯದು. ಆದ್ದರಿಂದ ಇಡೀ ಗ್ಯಾರೇಜನ್ನು ಬಿಸಿ ಮಾಡುವ ಅಗತ್ಯವಿಲ್ಲ, ಯಂತ್ರದ ಒಳಭಾಗ ಹೊರಗಿನ ಗಾಳಿಗಿಂತ ಸದಾ ನಾಲ್ಕೈದು ಡಿಗ್ರಿ ಬೆಚ್ಚಗಿದ್ದರೆ ಸಾಕು. ಈ ಉಪಾಯ ನನಗೆ ಹೊಳೆದದ್ದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯಿಂದ. ಆಷಾಢದ ಮಳೆ ಹಿಡಿದರೆ ರೇಷ್ಮೆ ಸೀರೆಗಳಿಗೆ ಬೂಷ್ಟು ಹಿಡಿಯದಿರಲೆಂದು ಅಮ್ಮ ಬೀರುವಿನೊಳಗೆ ಝೀರೋ ಬಲ್ಬ್ ಉರಿಸಿಡುತ್ತಿದ್ದರು.

ಬಲ್ಬಿನ ಬದಲು ನಾನು ಪಿಯಾನೊ ರಿಪೇರಿಯವರು ಬಳಸುವ 25 ವ್ಯಾಟ್‌ನ ಹೀಟಿಂಗ್ ರಾಡ್ ಹಾಕಿದ್ದೇನೆ. ಕ್ಯಾಬಿನೆಟ್ಟಿನ ತಳದಲ್ಲಿ, ಆಂಪ್ಲಿಫೈಯರ್ ಮತ್ತು ಸ್ಪೀಕರಿನ ಕಾಗದದ ಕೋನ್‌ನಿಂದ ದೂರವಾಗಿ, ಬಿಸಿಗಾಳಿ ಮೆಕ್ಯಾನಿಸಂ ಮೂಲಕವೇ ಮೇಲೇರುವಂತೆ ಅದನ್ನು ಕೂರಿಸಬೇಕು. ಮೂರೂ ಮಾದರಿಗಳಲ್ಲಿ ಅದರ ಸ್ಥಾನ ಬೇರೆ ಬೇರೆ. ವುರ್ಲಿಟ್ಸರ್ 1015ರಲ್ಲಿ ಎಲ್ಲಿ ಎಂಬುದನ್ನು ಕಂಡುಕೊಳ್ಳಲು ನನಗೆ ಒಂದಿಡೀ ಚಳಿಗಾಲ ಹಿಡಿದಿದೆ, ಹಾಗಾಗಿ ಸದ್ಯಕ್ಕೆ ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೇಲೆ ಹೊದಿಸುವುದು ದಪ್ಪ ಹತ್ತಿ ರಜಾಯಿಯನ್ನು ಮಾತ್ರ. ಕಾಂಕ್ರೀಟ್ ನೆಲ ಕೆಳಗಿನಿಂದ ತೇವವನ್ನು ಮೇಲಕ್ಕೆಳೆಯುವುದರಿಂದ ಪಾಲಿಥೀನ್ ಹಾಳೆಗೆ ಸರಿಯಾದ ಜಾಗವೆಂದರೆ ನೆಲವೇ: ಹಾಳೆ, ಅದರ ಮೇಲೆ ಪ್ಲೈವುಡ್, ಅದರ ಮೇಲೆ ಮರದ ತುಂಡುಗಳು, ಆಮೇಲೆ ಯಂತ್ರ.

ಸೊನ್ನೆ ಡಿಗ್ರಿಯಲ್ಲಿ ಗ್ಯಾರೇಜಿನ ಆರ್ದ್ರತೆ ಶೇಕಡಾ 90 ಇರುವಾಗ ರಜಾಯಿಯೊಳಗೆ 60ರಿಂದ 65 ತೋರಿಸುತ್ತದೆ. ಒಣಗಿ ವೆನೀರ್ ಸೀಳುತ್ತದೆ ಎಂದು ಸಂಗ್ರಾಹಕರೊಬ್ಬರು ಬಲವಾಗಿ ವಾದಿಸಿದ್ದರು. ಅವರ ಆತಂಕ ಜನವರಿಯ ಕೊರೆಯುವ ಒಣಚಳಿಯಲ್ಲಿ ನಿಜವಾಗಬಹುದಾದ್ದರಿಂದ, ಆರ್ದ್ರತೆ 50ಕ್ಕಿಂತ ಕೆಳಗಿಳಿದರೆ ರಾಡ್ ತಾನಾಗಿ ಆರುವಂತೆ ಒಂದು ಹ್ಯುಮಿಡಿಸ್ಟ್ಯಾಟ್ ಸೇರಿಸಿದೆ. ಈಗ ಅವರ ಗ್ಯಾರೇಜಿನ ರಾಕ್-ಓಲಾ ಕಂಪನಿಯ ಜೂಕ್‌ಬಾಕ್ಸ್‌ನೊಳಗೂ ಇಂತಹದೇ ರಾಡ್ ಇದೆ, ಅದನ್ನು ಕೂರಿಸಿಕೊಟ್ಟವನು ನಾನೇ. ನಾನು ಕೊಂಡಾಗ ರಾಡ್ ಒಂದಕ್ಕೆ ನಲವತ್ತು ಡಾಲರ್ ಆಸುಪಾಸು ಇತ್ತು. ಮೂರೂ ಸೇರಿ ಆರು ತಿಂಗಳಿಗೆ ಸುಡುವ ವಿದ್ಯುತ್ತಿಗೆ ಹೆಚ್ಚೆಂದರೆ ಅರವತ್ತು ಡಾಲರ್. ಗೋದಾಮಿನ ಬಾಡಿಗೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಬೇರೆ ವಾದ ಬೇಕಿಲ್ಲ.

ಅಗ್ಗದ ಆರ್ದ್ರತಾ ಮಾಪಕಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಅಡುಗೆ ಉಪ್ಪಿಗೆ ಕೆಲವು ಹನಿ ನೀರು ಬೆರೆಸಿ ಒದ್ದೆ ಮುದ್ದೆ ಮಾಡಿ, ಮಾಪಕದ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಟ್ಟರೆ 75 ತೋರಿಸಬೇಕು. ನನ್ನಲ್ಲಿದ್ದವುಗಳಲ್ಲಿ ಒಂದು 83 ತೋರಿಸಿತು, ಇನ್ನೊಂದು 68. ಇದೇ ಹುರುಪಿನಲ್ಲಿ 78 ಆರ್‌ಪಿಎಂನ ಕೆಲವು ಹಳೆಯ ಶೆಲ್ಯಾಕ್ (ಅರಗಿನ) ಗ್ರಾಮಫೋನ್ ತಟ್ಟೆಗಳನ್ನು ಅರ್ಧ ಗ್ಯಾರೇಜಿನಲ್ಲೂ ಅರ್ಧ ಮನೆಯೊಳಗೂ ಇಟ್ಟು ನೋಡಿದೆ. ಗ್ಯಾರೇಜಿನವು ಮುರಿಯಲಿಲ್ಲ, ಆದರೆ ಕಾಗದದ ಲೇಬಲ್‌ಗಳಿಗೆ ಬೂಷ್ಟು ಹಿಡಿಯಿತು. ಅಂದಿನಿಂದ ತಟ್ಟೆಗಳೂ ಹಾಡಿನ ಹೆಸರು ಬರೆದ ಟೈಟಲ್ ಚೀಟಿಗಳೂ ಮನೆಯೊಳಗೇ ಇರುತ್ತವೆ. ಕ್ರಿಸ್ಟಲ್ ಕಾರ್ಟ್ರಿಜ್ (ತಟ್ಟೆಯ ಮೇಲೆ ಓಡುವ ಸೂಜಿಯನ್ನು ಹಿಡಿದಿರುವ ಭಾಗ) ಇರುವ ಯಂತ್ರವಾದರೆ ಅದನ್ನೂ ಬಿಚ್ಚಿ ಒಳಗೆ ತನ್ನಿ, ಅದರೊಳಗಿನ ರೊಶೆಲ್ ಉಪ್ಪಿನ ಹರಳು ತೇವಕ್ಕೆ ಉಳಿಯುವುದಿಲ್ಲ. ಇಲಿಗಳ ದಾರಿಗೆ ಉಕ್ಕಿನ ಉಣ್ಣೆ ತುರುಕುವುದನ್ನು ನಿಮಗೆ ಹೇಳಬೇಕಾಗಿಲ್ಲ.

ವಸಂತದ ಮೊದಲ ಬಿಸಿಲಿಗೇ ಗ್ಯಾರೇಜಿನ ಬಾಗಿಲು ತೆರೆಯುವ ಆತುರವನ್ನು ತಡೆದುಕೊಳ್ಳಬೇಕು. ಕಾಂಕ್ರೀಟ್ ನೆಲ ಹತ್ತು ಡಿಗ್ರಿ ಮುಟ್ಟುವವರೆಗೂ ನಾನು ರಾಡ್ ಆರಿಸುವುದಿಲ್ಲ, ಯಂತ್ರಗಳನ್ನು ಅಲುಗಿಸುವುದೂ ಇಲ್ಲ, ಏಕೆಂದರೆ ಚಳಿಗೆ ಗಡುಸಾದ ಹಳೆಯ ರಬ್ಬರ್ ತಂತಿ ಬಾಗಿಸಿದಲ್ಲೇ ಬಿರಿಯುತ್ತದೆ. ಆಮೇಲೆ ಮೆಕ್ಯಾನಿಸಂ ಅನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಗ್ರೀಸ್ ಸಡಿಲವಾಗಿದೆಯೇ ಎಂದು ನೋಡಿ, ಆಂಪ್ಲಿಫೈಯರಿಗೆ ವೇರಿಯಾಕ್‌ನಿಂದ (ವೋಲ್ಟೇಜನ್ನು ಬೇಕಾದಂತೆ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಒಂದೆರಡು ಗಂಟೆಗಳಲ್ಲಿ ನಿಧಾನವಾಗಿ ವೋಲ್ಟೇಜ್ ಏರಿಸುತ್ತೇನೆ.