ಟಿಬಿ ಪರೀಕ್ಷೆ: ಯಾರು ಮಾಡಿಸಬೇಕು, ಕಫ ಹೇಗೆ ಕೊಡಬೇಕು

ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದರೆ ಕೆಮ್ಮು ಇದ್ದದ್ದೇ ಎಂದು ಕಷಾಯ ಕುಡಿದು ಸುಮ್ಮನಾಗುವವರೇ ಹೆಚ್ಚು. ಎರಡು ವಾರ ದಾಟಿದ ಕೆಮ್ಮನ್ನು ಮಳೆಯ ತಲೆಗೆ ಕಟ್ಟಬೇಡಿ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಬೇಕು.

ಮನೆಯಲ್ಲಿ ಒಬ್ಬರಿಗೆ ಟಿಬಿ ಬಂದಿದ್ದರೆ ಉಳಿದವರೆಲ್ಲ, ಕೆಮ್ಮಿಲ್ಲದಿದ್ದರೂ, ತೋರಿಸಿಕೊಳ್ಳಬೇಕು, ಮಕ್ಕಳು ಮೊದಲು. ಗಾಳಿಯಾಡದ ಲೈನ್ ಮನೆಯಲ್ಲಿ (ತೋಟದ ಕೆಲಸದವರ ಸಾಲುಮನೆ) ಐದಾರು ಜನ ಮಲಗುವ ಕಡೆ ಇದನ್ನು ತಪ್ಪಿಸುವಂತೆಯೇ ಇಲ್ಲ. ಸಕ್ಕರೆ ಕಾಯಿಲೆ, ಎಚ್‌ಐವಿ ಇರುವವರು, ಬೀಡಿ-ಸಾರಾಯಿ ಅಭ್ಯಾಸದವರು, ತೀರಾ ಸೊರಗಿದವರು, 60 ದಾಟಿದವರು, ಹಿಂದೆ ಟಿಬಿ ಆಗಿದ್ದವರಿಗೂ ಅಪಾಯ ಜಾಸ್ತಿ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಡಬ್ಬಿಯಲ್ಲೇ: ಕಫದ ಬದಲು ಎಂಜಲು ತುಂಬಿ ಕೊಡುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ ಅಂಗಳಕ್ಕೆ ಬನ್ನಿ. ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ, ಗಟ್ಟಿ ಕಫವನ್ನು ಡಬ್ಬಿಗೆ ಉಗಿಯಿರಿ. 2ರಿಂದ 5 ಮಿ.ಲೀ. ಸಾಕು. ನೊರೆನೊರೆಯಾಗಿ ತೆಳ್ಳಗಿದ್ದರೆ ಅದು ಎಂಜಲು, ಮತ್ತೆ ಕೆಮ್ಮಿ. ಮುಚ್ಚಳ ಬಿಗಿದು ಅಂದೇ ತಲುಪಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಡಬ್ಬಿಗೆ ಆಶಾ ಕಾರ್ಯಕರ್ತೆಯನ್ನು ಕೇಳಿ.