ಉತ್ತರದ ಮೇಲೆ ಹಾಳೆ ಮುಚ್ಚಿ ಓದಿ

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಗಣಿತ ಪಾಠ ಮಾಡುತ್ತೇನೆ. ಪಠ್ಯಪುಸ್ತಕ ಕೊಂಡು ಓದುವ ಮಕ್ಕಳು ಈಗ ಕಮ್ಮಿ. ಅದಕ್ಕೆ ಕಾರಣವೂ ಇದೆ. ನಮ್ಮ ವಿಶ್ವವಿದ್ಯಾಲಯ ವಿಟಿಯು ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್ (ಪಠ್ಯದ ಭಾಗ), ಒಂದೊಂದರಲ್ಲಿ ಎರಡು ಪ್ರಶ್ನೆ, ಅದರಲ್ಲಿ ಒಂದನ್ನು ಬರೆದರೆ ಆಯಿತು. ಹಳೇ ಪೇಪರು, ಸೀನಿಯರ್ ನೋಟ್ಸು, ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಪಾಸಿಂಗ್ ಪ್ಯಾಕೇಜು ಇಷ್ಟಿದ್ದರೆ ಸೆಮ್ ಮುಗಿಯುತ್ತದೆ. ಪಾಸೂ ಆಗುತ್ತಾರೆ. ತೊಂದರೆ ಬರುವುದು ಮುಂದೆ. ಮಷೀನ್ ಲರ್ನಿಂಗ್ ಕ್ಲಾಸಿನಲ್ಲಿ ಐಗನ್ ವ್ಯಾಲ್ಯೂ (ಮ್ಯಾಟ್ರಿಕ್ಸ್ ಅನ್ನುವ ಸಂಖ್ಯೆಗಳ ಚೌಕದಿಂದ ತೆಗೆಯುವ ವಿಶೇಷ ಸಂಖ್ಯೆ) ಮತ್ತೆ ಎದುರಾದಾಗ ಲೆಕ್ಕ ಮಾಡೋಕೆ ಬರುತ್ತದೆ, ಅದು ಅಲ್ಲಿ ಯಾಕೆ ಬಂತು ಅಂತ ಮಾತ್ರ ಗೊತ್ತಾಗುವುದಿಲ್ಲ. ನೋಟ್ಸಿನಲ್ಲಿ ಹೇಗೆ ಮಾಡಬೇಕು ಅಂತ ಇರುತ್ತದೆ. ಯಾಕೆ, ಯಾವಾಗ ಅನ್ನುವುದು ಪುಸ್ತಕದಲ್ಲೇ ಸಿಗಬೇಕು.

ಹಾಗಾಗಿ ಪಾಠದ ಜೊತೆಗೆ ಪುಸ್ತಕ ಓದಿಸುವುದನ್ನೂ ನನ್ನ ಕೆಲಸ ಅಂದುಕೊಂಡಿದ್ದೇನೆ.

ಮೊದಲ ಪ್ರಶ್ನೆ ಯಾವಾಗಲೂ ಒಂದೇ: 'ಸರ್, ಯಾವ ಬುಕ್ ತಗೊಳ್ಳಲಿ?' ಬಿ.ಎಸ್. ಗ್ರೇವಾಲ್ ಬರೆದದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಲೆಕ್ಕ ಜಾಸ್ತಿ, ವಿವರಣೆ ಚಿಕ್ಕದು, ಅಭ್ಯಾಸಕ್ಕೆ ಒಳ್ಳೆಯದು. 1962ರಲ್ಲಿ ಮೊದಲು ಬಂದ ಎರ್ವಿನ್ ಕ್ರೈಸಿಗ್ ಪುಸ್ತಕ ಬೇರೆ ಥರ. ಒಂದು ಸೂತ್ರಕ್ಕೆ ಬರುವ ಮೊದಲೇ ಸ್ಪ್ರಿಂಗಿಗೆ ನೇತುಹಾಕಿದ ತೂಕವನ್ನೋ ಕರೆಂಟ್ ಹರಿಯುವ ಸರ್ಕ್ಯೂಟನ್ನೋ ಮುಂದಿಡುತ್ತದೆ. ಎರಡರಲ್ಲಿ ಒಂದನ್ನು ಸ್ವಂತಕ್ಕೆ ಇಟ್ಟುಕೊಳ್ಳಿ, ಇನ್ನೊಂದನ್ನು ಲೈಬ್ರರಿಯಲ್ಲಿ ನೋಡಿ ಅನ್ನುತ್ತೇನೆ. ಹೊಸ ಎಡಿಷನ್ನೇ ಬೇಕು ಅಂತೇನಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಿಗುವ ಹಳೇ ಪ್ರತಿಯಲ್ಲೂ ಲಾಪ್ಲಾಸ್ ಪಾಠ ಅದೇ, ಫೋರಿಯರ್ ಪಾಠ ಅದೇ. ಅಭ್ಯಾಸದ ಲೆಕ್ಕಗಳ ನಂಬರ್ ಮಾತ್ರ ಹಿಂದೆಮುಂದೆ ಆಗಿರಬಹುದು. ಅದಕ್ಕೇ ನಾನು ಹೋಂವರ್ಕ್ ಕೊಡುವಾಗ ನಂಬರ್ ಹೇಳುವುದಿಲ್ಲ, ಇಡೀ ಲೆಕ್ಕವನ್ನೇ ಬೋರ್ಡ್ ಮೇಲೆ ಬರೆಯುತ್ತೇನೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಹೊಸ ಭಾಷೆ, ಹೊಸ ಟೂಲ್ ಕಲಿಯುವ ಪುಸ್ತಕಕ್ಕೆ ಈ ಮಾತು ನಡೆಯುವುದಿಲ್ಲ. ಅಲ್ಲಿ ಹಳೆಯದು ಕೊಂಡರೆ ದುಡ್ಡು ದಂಡ.

ಇನ್ನು ಓದುವ ರೀತಿ. ಕ್ಲಾಸಿಗೆ ಪುಸ್ತಕ ತರಿಸುತ್ತೇನೆ. ಒಂದು ಮಾದರಿ ಲೆಕ್ಕದ ಪುಟ ತೆಗೆಸುತ್ತೇನೆ. ಪ್ರಶ್ನೆ ಮಾತ್ರ ಕಾಣಬೇಕು, ಕೆಳಗಿನ ಉತ್ತರದ ಮೇಲೆ ಬಿಳಿ ಹಾಳೆ ಮುಚ್ಚಬೇಕು. ಒಂದು ಉದಾಹರಣೆ ಹೇಳುತ್ತೇನೆ. ಎರಡು ಸಾಲಿನ ಮ್ಯಾಟ್ರಿಕ್ಸ್: ಮೇಲಿನ ಸಾಲು 4, 1, ಕೆಳಗಿನ ಸಾಲು 2, 3. ಐಗನ್ ವ್ಯಾಲ್ಯೂ ಹುಡುಕಬೇಕು. ಪೆನ್ಸಿಲ್ ಹಿಡಿದು ತಾವೇ ಶುರು ಮಾಡುತ್ತಾರೆ. ಎಲ್ಲಿ ನಿಂತುಹೋಗುತ್ತದೋ ಅಲ್ಲಿ ಹಾಳೆಯನ್ನು ಒಂದೇ ಸಾಲು ಕೆಳಗೆ ಸರಿಸಬಹುದು, ಅಷ್ಟೇ. 'ಲ್ಯಾಂಬ್ಡಾ ವರ್ಗ ಮೈನಸ್ 7 ಲ್ಯಾಂಬ್ಡಾ ಪ್ಲಸ್ 10 ಸಮ ಸೊನ್ನೆ' ಅನ್ನುವವರೆಗೆ ಬಂದರೆ (ಲ್ಯಾಂಬ್ಡಾ ಅಂದರೆ ಹುಡುಕಬೇಕಾದ ಐಗನ್ ವ್ಯಾಲ್ಯೂ) ಉಳಿದದ್ದು ಸುಲಭ. ಉತ್ತರ 5 ಮತ್ತು 2.

ಇಲ್ಲಿಗೆ ಮುಗಿಸೋಕೆ ಬಿಡುವುದಿಲ್ಲ. ಎರಡನ್ನೂ ಕೂಡಿಸಿ ನೋಡಿ, 7. ಮ್ಯಾಟ್ರಿಕ್ಸಿನ ಕರ್ಣದಲ್ಲಿರುವ 4 ಮತ್ತು 3 ಕೂಡಿಸಿ, ಅದೂ 7. ಗುಣಿಸಿದರೆ 10. ಡಿಟರ್ಮಿನೆಂಟ್, ಅಂದರೆ ಓರೆಯಾಗಿ ಗುಣಿಸಿ ಕಳೆದದ್ದು, ಕೂಡ 12 ಕಳೆ 2, ಅಂದರೆ 10. ಇದು ಆಕಸ್ಮಿಕವಾ, ಯಾವಾಗಲೂ ಹೀಗೇನಾ? ಪುಸ್ತಕದಲ್ಲಿ ಹುಡುಕಿ ಅನ್ನುತ್ತೇನೆ. ಆಗ ಮೊದಲ ಸಲ ಹಿಂದಿನ ಇಂಡೆಕ್ಸ್ ತೆಗೆಯುತ್ತಾರೆ. ಎಷ್ಟೋ ಮಕ್ಕಳಿಗೆ ಇಂಡೆಕ್ಸ್ ಅಂತ ಒಂದಿದೆ ಅನ್ನುವುದೇ ಗೊತ್ತಿರುವುದಿಲ್ಲ. 'ಟ್ರೇಸ್' (ಕರ್ಣದ ಮೊತ್ತಕ್ಕೆ ಇರುವ ಹೆಸರು) ಅಂತ ಹುಡುಕಿ, ಆ ಪುಟಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಪುಟಕ್ಕೆ ಹೋಗುತ್ತಾರಲ್ಲ, ಅದನ್ನು ನೋಡೋಕೆ ನನಗೆ ಬಹಳ ಖುಷಿ. ಮನೆಗೆ ಸಮಸಂಖ್ಯೆಯ ಲೆಕ್ಕಗಳನ್ನು ಆರಿಸಿ ಕೊಡುತ್ತೇನೆ. ಕ್ರೈಸಿಗ್ ಪುಸ್ತಕದ ಕೊನೆಯಲ್ಲಿ ಬೆಸಸಂಖ್ಯೆಯವಕ್ಕೆ ಮಾತ್ರ ಉತ್ತರ ಇದೆ. ಉತ್ತರ ಇಲ್ಲದಿದ್ದರೆ ಸರಿಯಾಗಿದೆಯಾ ಅಂತ ತಾವೇ ತಾಳೆ ನೋಡಬೇಕಲ್ವಾ?

ಕನ್ನಡ ಮಾಧ್ಯಮದಿಂದ ಬಂದವರು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರು ಇಂಗ್ಲಿಷ್ ಪುಟ ನೋಡಿದರೇ ಹೆದರುತ್ತಾರೆ. ಅವರ ಗಣಿತ ಎಷ್ಟೋ ಸಲ ಬೇರೆಯವರಿಗಿಂತ ಚೆನ್ನಾಗಿರುತ್ತದೆ. ಅವರನ್ನು ಸಂಜೆ ಕೂರಿಸಿಕೊಂಡು ಒಂದು ಪ್ಯಾರಾ ಓದಿಸಿ, ಪುಸ್ತಕ ಮುಚ್ಚಿಸಿ, 'ಈಗ ಕನ್ನಡದಲ್ಲಿ ಹೇಳಪ್ಪ, ಏನು ಹೇಳ್ತಿದ್ದಾನೆ ಇವನು?' ಅಂತ ಕೇಳುತ್ತೇನೆ. ಮ್ಯಾಟ್ರಿಕ್ಸು, ಇಂಟಿಗ್ರಲ್ಲು ಎಲ್ಲ ಹಾಗೇ ಇರಲಿ, ಬಾಕಿ ಮಾತು ಕನ್ನಡದಲ್ಲಿ ಬರಲಿ. ಒಂದೆರಡು ವಾರ ತೊದಲುತ್ತಾರೆ, ಆಮೇಲೆ ಗಣಿತ ಪುಸ್ತಕದ ಇಂಗ್ಲಿಷ್ ಅಷ್ಟೇನೂ ದೊಡ್ಡದಲ್ಲ, ಅವವೇ ವಾಕ್ಯಗಳು ಮತ್ತೆ ಮತ್ತೆ ಬರುತ್ತವೆ ಅಂತ ಅವರಿಗೇ ತಿಳಿಯುತ್ತದೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ತನ್ನ ಇ-ಕುಂಭ್ ತಾಣದಲ್ಲಿ ಕನ್ನಡದಲ್ಲೂ ಎಂಜಿನಿಯರಿಂಗ್ ಪುಸ್ತಕ ಹಾಕಿದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಓದಿ ಅನ್ನುತ್ತೇನೆ.

ಪುಸ್ತಕದಲ್ಲಿದ್ದದ್ದೆಲ್ಲ ಸರಿ ಅಂತಲೂ ನಂಬಿಸುವುದಿಲ್ಲ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿದವರಿಗೆ 2008ರವರೆಗೆ 2.56 ಡಾಲರಿನ ಚೆಕ್ ಕೊಡುತ್ತಿದ್ದರು. ಹದಿನಾರರ ಎಣಿಕೆಯಲ್ಲಿ 256ನ್ನು 100 ಅಂತ ಬರೆಯುತ್ತಾರೆ, ಹಾಗಾಗಿ 256 ಸೆಂಟ್ ಅಂದರೆ ಹೆಕ್ಸಾಡೆಸಿಮಲ್‌ನಲ್ಲಿ ಒಂದು ಡಾಲರ್. ಕಂಪ್ಯೂಟರ್ ಸೈನ್ಸ್ ಮಕ್ಕಳಿಗೆ ಬೈನರಿ ಸರ್ಚ್ (ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವುದು) ಕಥೆಯನ್ನೂ ಹೇಳುತ್ತೇನೆ. ಮಧ್ಯದ ಜಾಗ ಹುಡುಕೋಕೆ ಎರಡು ತುದಿ ಕೂಡಿಸಿ ಎರಡರಿಂದ ಭಾಗಿಸು ಅಂತ ಪುಸ್ತಕಗಳು ಹೇಳಿಕೊಟ್ಟವು. ಗಣಿತವಾಗಿ ಅದರಲ್ಲಿ ತಪ್ಪಿಲ್ಲ. ಆದರೆ 32 ಬಿಟ್ ಪೂರ್ಣಾಂಕಕ್ಕೆ 2147483647ರ ಆಚೆ ಜಾಗವಿಲ್ಲ. ಮೊತ್ತ ಅದನ್ನು ದಾಟಿದರೆ ಋಣಸಂಖ್ಯೆ ಆಗಿಬಿಡುತ್ತದೆ. ಜಾವಾ ಭಾಷೆಯ ಸಿದ್ಧ ಕೋಡಿನ ಲೈಬ್ರರಿಯಲ್ಲೇ ಈ ದೋಷ ವರ್ಷಗಟ್ಟಲೆ ಇತ್ತು. 2006ರಲ್ಲಿ ಆ ಕೋಡ್ ಬರೆದ ಜೋಶುವಾ ಬ್ಲಾಕ್ ಅವರೇ ಅದರ ಬಗ್ಗೆ ಬರೆದರು.

ನನ್ನ ಅಕ್ಕನ ಮಗಳು ಎಂಬಿಬಿಎಸ್ ಓದುತ್ತಿದ್ದಾಳೆ. ಅವಳ ಓದು ನೋಡಿ ನಾನೂ ಕಲಿತೆ. ಅನಾಟಮಿ ಪುಸ್ತಕದ ಪಕ್ಕದಲ್ಲಿ ಸೀನಿಯರ್ ಕೊಟ್ಟ ಬೋನ್ ಸೆಟ್ ಇರುತ್ತದೆ. ಒಂದು ದಿನ ತೋಳಿನ ಮೂಳೆ, ಅವರ ಹ್ಯೂಮರಸ್, ನನ್ನ ಕೈಗೆ ಕೊಟ್ಟಳು. 'ಮಾವ, ಹಿಂದೆ ಬೆರಳಾಡಿಸಿ. ಓರೆಯಾಗಿ ಒಂದು ತಗ್ಗು ಸಿಗುತ್ತಲ್ಲ, ರೇಡಿಯಲ್ ನರ್ವ್ ಹೋಗೋದು ಅಲ್ಲೇ. ಮೂಳೆ ಮಧ್ಯದಲ್ಲಿ ಮುರಿದರೆ ಆ ನರಕ್ಕೆ ಪೆಟ್ಟು ಬೀಳಬಹುದು. ಆಗ ಮಣಿಕಟ್ಟು ಎತ್ತೋಕೆ ಆಗಲ್ಲ, ಕೈ ಜೋತುಬೀಳುತ್ತೆ' ಅಂದಳು. ಪುಟದ ಒಂದು ಪ್ಯಾರಾ ಅವಳ ಬೆರಳ ತುದಿಯಲ್ಲಿತ್ತು. ಅವಳಿಗೆ ಮೂಳೆ ಇದ್ದಂತೆ ನಮ್ಮ ಮಕ್ಕಳಿಗೆ ಪೆನ್ಸಿಲ್ ಇರಬೇಕು ಅನ್ನಿಸಿತು.

ಇದರಿಂದ ಎಲ್ಲರ ಮಾರ್ಕ್ಸ್ ಏರಿತು ಅಂತ ಹೇಳುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಅರ್ಧ ಕ್ಲಾಸು ಮತ್ತೆ ಝೆರಾಕ್ಸ್ ಅಂಗಡಿಗೇ ಹೋಗುತ್ತದೆ. ಉಳಿದವರಲ್ಲಿ ಕೆಲವರು ಮೂರನೇ ವರ್ಷದಲ್ಲೂ ಅದೇ ಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ಬಂದು, 'ಸರ್, ಈ ಸ್ಟೆಪ್ ಹೇಗೆ ಬಂತು?' ಅಂತ ಕೇಳುತ್ತಾರೆ. ಮುಂದಿನ ಸೆಮ್‌ನಿಂದ ಒಂದು ಅಸೈನ್‌ಮೆಂಟನ್ನು ಪುಸ್ತಕ ತೆರೆದಿಟ್ಟುಕೊಂಡೇ ಕ್ಲಾಸಿನಲ್ಲಿ ಬರೆಸಬೇಕು ಅಂತ ಎಚ್‌ಒಡಿ ಹತ್ತಿರ ಮಾತಾಡಿದ್ದೇನೆ. ಪ್ರಶ್ನೆ ತಯಾರಿ ಈಗಲೇ ಶುರು ಮಾಡಿದ್ದೇನೆ. ಉತ್ತರ ಯಾವುದೇ ಒಂದು ಪುಟದಲ್ಲಿ ನೇರವಾಗಿ ಸಿಗಬಾರದು, ಎರಡು ಮೂರು ಅಧ್ಯಾಯ ತಿರುವಿ ಹಾಕಲೇಬೇಕು. ಅಂಥ ಪ್ರಶ್ನೆ ಬರೆಯೋಕೆ ಟೈಮ್ ಹಿಡಿಯುತ್ತದೆ.